ತುಟಿಯಲ್ಲಿ ಗುಂಡುಸೂಜಿ

"ಸೂಜಿಯ ಮುಚ್ಚಳ ಎಲ್ಲಿ?" ಎಂದು ಮೇಡಂ ಕೇಳಿದರು.

ಟೈಲರಮ್ಮ ಟ್ರೇ ಕಡೆ ನೋಡಿದಳು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಇತ್ತು, ತೋಳಿಗೆ ಕಟ್ಟುವ ರಬ್ಬರ್ ಪಟ್ಟಿ ಇತ್ತು, ರಕ್ತ ತುಂಬಿಸುವ ಟ್ಯೂಬು ಇತ್ತು. ಸೂಜಿಯ ಮುಚ್ಚಳ ಮಾತ್ರ ಇರಲಿಲ್ಲ. ಕೆಳಗೆ ಬಿದ್ದಿರಬಹುದೆಂದು ಮೇಜಿನಡಿ ಕಣ್ಣಾಡಿಸಿದಳು. ಎಡಗೈ ಬೆರಳುಗಳು ಅಭ್ಯಾಸದ ರಬ್ಬರ್ ಕೈಯ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಿದ್ದವು. ಬಲಗೈಯ ಸಿರಿಂಜಿನೊಳಗೆ ಬಣ್ಣದ ಕೆಂಪು ನೀರು ಸರಾಗವಾಗಿ ಏರುತ್ತಿತ್ತು. ಕೆಲಸವೇನೋ ಚೊಕ್ಕವಾಗಿಯೇ ಆಗಿತ್ತು. ಎಲ್ಲೋ ಇರಬೇಕು ಮೇಡಂ ಎಂದು ಹೇಳಹೊರಟವಳಿಗೆ ಬಾಯಿ ತೆರೆಯಲಾಗಲಿಲ್ಲ. ಮುಚ್ಚಳ ಅವಳ ತುಟಿಗಳ ನಡುವೆಯೇ ಇತ್ತು.

ಪಕ್ಕದ ಮೇಜಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ. ವಯಸ್ಸಿನಲ್ಲಿ ಟೈಲರಮ್ಮನಿಗಿಂತ ಎಷ್ಟೋ ಚಿಕ್ಕವರು, ಆದರೆ ಲ್ಯಾಬಿನೊಳಗೆ ಅವರು ಹೇಳಿದ್ದೇ ಕೊನೆಯ ಮಾತು.

"ಅದನ್ನ ಕಸದ ಡಬ್ಬಿಗೆ ಉಗುಳಿ. ಗ್ಲೌಸ್ ತೆಗೀರಿ."

"ಒಂದೇ ಸಲಕ್ಕೆ ಬಂತಲ್ಲ ಮೇಡಂ."

"ಬಂತು. ಈ ಕ್ಲಾಸಲ್ಲಿ ನಿಮ್ಮಷ್ಟು ನೀಟಾಗಿ ಯಾರೂ ಸೂಜಿ ಹಾಕಲ್ಲ, ಅದನ್ನ ಎಲ್ಲರ ಮುಂದೇನೇ ಹೇಳ್ತೀನಿ. ಆದ್ರೆ ಇದು ನಿಜವಾದ ರೋಗಿ ಆಗಿದ್ರೆ? ಅವರ ಕೈ ಮುಟ್ಟಿದ ಗ್ಲೌಸು ನಿಮ್ಮ ಬಾಯಿಗೆ ಹೋಯ್ತು. ಅವರ ಕಾಯಿಲೆ ನಿಮಗೆ, ನಿಮ್ಮದು ಅವರಿಗೆ. ಇದಕ್ಕೆ ಮಾರ್ಕ್ಸ್ ಕಟ್ ಮಾಡೋದಿಲ್ಲ, ಸೀದಾ ಫೇಲ್. ಮುಂದಿನ ವಾರ ಇನ್ನೊಂದು ಅವಕಾಶ ಇದೆ, ಅದೂ ಜೀವ ಇರೋ ಕೈ ಮೇಲೆ. ನೋಡೋಕೆ ಸರ್ಕಾರದ ಕಡೆಯವರು ಬರ್ತಾರೆ. ಆಗಲೂ ಹೀಗಾದ್ರೆ ನಿಮ್ಮ ಸ್ಕಾಲರ್‌ಶಿಪ್ ನಿಲ್ಲುತ್ತೆ. ಆಮೇಲೆ ನಾನು ಹೇಳಿದ್ರೂ ನಡೆಯಲ್ಲ."

"ಇನ್ನೊಂದು ಸಲ ಹೀಗಾಗಲ್ಲ ಮೇಡಂ."

"ಈ ಮಾತನ್ನ ಎಷ್ಟು ಸಲ ಹೇಳಿದ್ದೀರಿ?"

ಟೈಲರಮ್ಮ ಲೆಕ್ಕ ಇಟ್ಟಿರಲಿಲ್ಲ. ಮೇಡಂ ಇಟ್ಟಿದ್ದರೆಂದು ಅವರ ಮುಖವೇ ಹೇಳುತ್ತಿತ್ತು.

ಲ್ಯಾಬಿನಿಂದ ಹೊರಗೆ ಬರುವಾಗಲೂ ಅವಳು ತಲೆ ತಗ್ಗಿಸಲಿಲ್ಲ. ತಗ್ಗಿಸುವ ಜಾಯಮಾನವೇ ಅವಳದಲ್ಲ. ಬಸ್ ನಿಲ್ದಾಣದ ಪಕ್ಕದ ಸಣ್ಣ ಅಂಗಡಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬಟ್ಟೆ ಹೊಲಿದವಳು. ಅರ್ಧ ಊರಿನ ಪ್ಯಾಂಟಿನ ಉದ್ದ, ಕಾಲರಿನ ಅಳತೆ ಅವಳಿಗೆ ಬಾಯಿಪಾಠ. ರಸ್ತೆಯಾಚೆ ಸಿದ್ಧ ಉಡುಪಿನ ದೊಡ್ಡ ಮಳಿಗೆ ಬಂದ ಮೇಲೆ ಹೊಸ ಹೊಲಿಗೆ ನಿಂತುಹೋಯಿತು. ಆ ಮಳಿಗೆಯ ಬಟ್ಟೆಗಳನ್ನೇ ಗಿಡ್ಡ ಮಾಡಿಕೊಡುವ ಕೆಲಸವಷ್ಟೇ ಉಳಿಯಿತು. ಕೊನೆಗೆ ಜಿಪ್ ಹಾಕಿಸಲಿಕ್ಕೂ ಜನ ಬಾರದೆ ಹೊಸ ಪ್ಯಾಂಟನ್ನೇ ಕೊಂಡುಕೊಳ್ಳತೊಡಗಿದಾಗ, ಇನ್ನು ನೊಣ ಹೊಡೆಯುತ್ತ ಕೂರುವ ಅರ್ಥವಿಲ್ಲ ಎಂದುಕೊಂಡಳು.

ಕಾಲೇಜಿನ ಗೋಡೆಯ ಮೇಲಿನ ಸರ್ಕಾರದ ಪ್ರಕಟಣೆ ಕಣ್ಣಿಗೆ ಬಿದ್ದದ್ದು ಆಗಲೇ. ಜನ ಸಾಲದ ಕೆಲಸಗಳಿಗೆ ಓದುವವರ ಶುಲ್ಕವನ್ನು ಸರ್ಕಾರವೇ ಕಟ್ಟುತ್ತದೆ, ವಯಸ್ಸಿನ ಮಿತಿ ಇಲ್ಲ, ಓದು ಮುಗಿದ ಮೇಲೆ ಕೆಲವು ವರ್ಷ ಇದೇ ರಾಜ್ಯದಲ್ಲಿ ದುಡಿಯಬೇಕು. ಲಿಫ್ಟ್ ರಿಪೇರಿ, ಭಾರೀ ವಾಹನಗಳ ರಿಪೇರಿ, ಆಸ್ಪತ್ರೆಯ ಲ್ಯಾಬ್ ಕೆಲಸ ಎಲ್ಲವೂ ಅದರಲ್ಲಿದ್ದವು. ಲ್ಯಾಬಿನವರು ರಕ್ತವನ್ನೂ ತೆಗೆಯಬೇಕು ಎಂದು ತಿಳಿದ ಕೂಡಲೇ ಅವಳು ನಿರ್ಧರಿಸಿಬಿಟ್ಟಳು. "ಸೂಜಿ ಕೆಲಸ ತಾನೆ? ಇಲ್ಲೀ ತನಕ ಬಟ್ಟೆ, ಇನ್ನು ಮೇಲೆ ಚರ್ಮ" ಎಂದು ಮನೆಯಲ್ಲಿ ಹೇಳಿದಾಗ ಅತ್ತೆ ಮೈ ಝುಂ ಎಂದಂತೆ ಎರಡೂ ತೋಳುಗಳನ್ನು ಹೊದಿಕೆಯೊಳಗೆ ಎಳೆದುಕೊಂಡಿದ್ದರು. ಲಾರಿ ಓಡಿಸುವ ಗಂಡ ಯಾವುದೋ ಊರಿನಿಂದ ಫೋನಿನಲ್ಲೇ ಸೈ ಎಂದ. ಅವಳು ಅಂಗಡಿಯನ್ನು ಮೊಬೈಲ್ ರಿಪೇರಿಯವನಿಗೆ ಬಿಟ್ಟುಕೊಟ್ಟು, ಮಷೀನನ್ನು ಮನೆಗೆ ತಂದು ಕಾಲೇಜಿಗೆ ಸೇರಿದಳು. ಈಗ ವಾಪಸು ಹೋಗಲು ಅಂಗಡಿಯೂ ಇಲ್ಲ, ಗಿರಾಕಿಯೂ ಇಲ್ಲ.

ಸೇರಿದ ಮೇಲೆ ಅವಳ ಲೆಕ್ಕಾಚಾರವೇನೂ ತಪ್ಪಲಿಲ್ಲ. ಪುಸ್ತಕದ ಪಾಠ ಮೊದಮೊದಲು ಕಬ್ಬಿಣದ ಕಡಲೆ ಎನಿಸಿದರೂ ರಾತ್ರಿ ಮಗಳ ಜೊತೆ ಕೂತು ಅಗಿದು ಅರಗಿಸಿಕೊಂಡಳು. ಕೈ ಅಲುಗುತ್ತಿರಲಿಲ್ಲ, ಕಣ್ಣು ಚುರುಕಾಗಿತ್ತು. ತೊಂದರೆ ಕೊಟ್ಟದ್ದು ತುಟಿ. ಹೊಲಿಯುವಾಗ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ತೆಗೆದು ಚುಚ್ಚುವುದು ಅವಳ ರೂಢಿ. ಎರಡೂ ಕೈಗೆ ಕೆಲಸವಿದ್ದಾಗ ಬಾಯಿಯೇ ಮೂರನೇ ಕೈ. ಈಗ ಸೂಜಿಯ ಮುಚ್ಚಳ ತೆಗೆದೊಡನೆ ಎಡಗೈ ಯಾರನ್ನೂ ಕೇಳದೆ ಅದನ್ನು ತುಟಿಗೆ ಕೊಟ್ಟು, ಏನೂ ಗೊತ್ತಿಲ್ಲದಂತೆ ರೋಗಿಯ ತೋಳಿಗೆ ಮರಳುತ್ತಿತ್ತು.

ಅಂದು ಕ್ಯಾಂಟೀನಿನಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಆ ಕಾಲೇಜಿನಲ್ಲಿ ಸರ್ಕಾರದ ಸಹಾಯಧನದ ಮೇಲೆ ಓದುವವರದ್ದೇ ಒಂದು ಕೂಟ, ಒಬ್ಬರ ಕೆಲಸಕ್ಕೆ ಇನ್ನೊಬ್ಬರ ಕೆಲಸ ಎಂಬುದು ಅವರ ಪದ್ಧತಿ. ವಾಹನ ವಿಭಾಗದವರು ಲ್ಯಾಬಿನವರ ಸ್ಕೂಟರ್ ಸರಿಮಾಡಿಕೊಡುತ್ತಿದ್ದರು, ಅಭ್ಯಾಸಕ್ಕೆ ಕೈ ಬೇಕಾದಾಗ ಲಿಫ್ಟ್ ವಿಭಾಗದವರು ಬಂದು ತೋಳು ಚಾಚುತ್ತಿದ್ದರು. ಕಾಲೇಜು ಕೊಡುವ ಸಮವಸ್ತ್ರ ಹುಟ್ಟಿದ ಯಾವ ಮನುಷ್ಯನಿಗೂ ಸರಿಹೋಗುವಂಥದ್ದಲ್ಲವಾದ್ದರಿಂದ ಎಲ್ಲರದನ್ನೂ ಟೈಲರಮ್ಮ ಸರಿಮಾಡಿಕೊಡುತ್ತಿದ್ದಳು. ಅವಳು ಫೇಲಾದ ಸುದ್ದಿ ಕೇಳಿ ಇಡೀ ಕೂಟಕ್ಕೆ ತಮ್ಮದೇ ಪ್ಯಾಂಟು ಕಳಚಿದಷ್ಟು ಚಿಂತೆಯಾಯಿತು.

"ಮಾಸ್ಕ್ ಹಾಕ್ಕೊಂಡು ಬಿಡಿ ಅಕ್ಕ" ಎಂದ ಬೇಕರಿಯಣ್ಣ. ದೊಡ್ಡ ಬೇಕರಿಯಲ್ಲಿ ಒಲೆಯ ಮುಂದೆ ಬೆಂದು ಸಾಕಾಗಿ ಲಿಫ್ಟ್ ರಿಪೇರಿ ಕಲಿಯಲು ಬಂದ ಭಾರೀ ಆಳು ಅವನು. ಲ್ಯಾಬಿನ ಅಭ್ಯಾಸಕ್ಕೆ ಹಾಕಿಕೊಂಡಳು. ಕೈ ಮುಚ್ಚಳವನ್ನು ಮಾಸ್ಕಿಗೇ ಒತ್ತಿತು, ಅದು ಜಾರಿ ನೆಲಕ್ಕೆ ಬಿದ್ದು ಮೇಡಂ ಕಾಲಬುಡಕ್ಕೆ ಉರುಳಿತು. "ಮುಚ್ಚಿಟ್ಟರೆ ಅಭ್ಯಾಸ ಹೋಗಲ್ಲ. ಆ ಕೈಯನ್ನ ಮೊದಲು ನಿಲ್ಲಿಸಿ" ಎಂದರು ಮೇಡಂ. ಮರುದಿನ ಬಾಯಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಂಡು ನೋಡಿದಳು. ಕೆನ್ನೆಯಲ್ಲಿ ಪೆಪ್ಪರ್‌ಮಿಂಟ್, ತುಟಿಯಲ್ಲಿ ಮುಚ್ಚಳ, ಎರಡೂ ಹೊಂದಿಕೊಂಡು ಸುಖವಾಗಿದ್ದವು.

ಸೂಜಿಯನ್ನು ಮನೆಗೆ ಒಯ್ಯುವಂತಿರಲಿಲ್ಲ. ಅದಕ್ಕೆ ಸಂಜೆ ಮಗಳ ಪೆನ್ನನ್ನೇ ಸೂಜಿ ಮಾಡಿಕೊಂಡಳು. ಪೆನ್ನಿಗೂ ಮುಚ್ಚಳ ಇರುತ್ತದಲ್ಲ. ಮಗಳ ಕೂದಲಿನ ಬ್ಯಾಂಡ್ ರಬ್ಬರ್ ಪಟ್ಟಿಯಾಯಿತು, ಊಟದ ತಟ್ಟೆ ಟ್ರೇ ಆಯಿತು. ಇನ್ನು ಬೇಕಾದದ್ದು ಒಂದು ಕೈ.

"ಅತ್ತೆ, ಕೈ ಕೊಡ್ತೀರಾ?"

"ಚುಚ್ಚಲ್ಲ ತಾನೆ?"

"ಪೆನ್ನು ಅತ್ತೆ. ನರ ಸಿಕ್ಕಿದ ಕಡೆ ಒಂದು ಚುಕ್ಕಿ ಇಡ್ತೀನಿ, ಅಷ್ಟೇ."

ಅತ್ತೆ ತೋಳನ್ನು ದಿಂಬಿನ ಮೇಲೆ ಚಾಚಿ, ಮುಖವನ್ನು ಮಾತ್ರ ಮುನ್ನೆಚ್ಚರಿಕೆಯಿಂದ ಅತ್ತ ತಿರುಗಿಸಿ ಕೂತರು. ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಮಗಳು ಪರೀಕ್ಷಕಿಯಾದಳು. ಮುಚ್ಚಳ ತುಟಿಗೆ ಹೋದಾಗಲೆಲ್ಲ ಅವಳು ಚಮಚದಿಂದ ಲೋಟಕ್ಕೆ ಬಡಿಯಬೇಕು. ಅವಳಿಗೆ ಕೈತುಂಬ ಕೆಲಸ ಸಿಕ್ಕಿತು. ಠಣ್, ಠಣ್ ಎಂದು ಮನೆ ತುಂಬ ಸದ್ದು, ಅತ್ತೆಯ ತೋಳಿನ ತುಂಬ ನೀಲಿ ಚುಕ್ಕಿ. ಪಕ್ಕದ ಮನೆಯವರು ಬಾಗಿಲಲ್ಲಿ ಇಣುಕಿ ಏನು ವಿಶೇಷ ಎಂದು ಕೇಳಿ ಹೋದರು.

ಸುಮ್ಮನೆ ಕೂತು ಅತ್ತೆಗೆ ಬೇಸರ ಬಂದಿತು. "ಅಂಗಡಿ ಬಾಗಿಲು ಹಾಕಿದ ದಿನ ಬಂದು ಊಟ ಮಾಡಿ ಮಲಗಿಬಿಟ್ಟೆಯಲ್ಲ, ನಿನಗೆ ಏನೂ ಅನ್ನಿಸಲಿಲ್ವೇನೇ?" ಎಂದರು.

"ಹ್ಞೂಂ."

ಠಣ್.

"ಹ್ಞೂಂ ಅಂದ್ರೆ? ಅನ್ನಿಸ್ತು ಅಂತಲೋ, ಇಲ್ಲ ಅಂತಲೋ? ಇಷ್ಟು ವರ್ಷದಿಂದ ನಿನ್ನ ಹ್ಞೂಂಗೆ ಅರ್ಥ ಹುಡುಕಿ ಸಾಕಾಗಿದೆ ನನಗೆ."

"ಅಜ್ಜಿ, ಅದಕ್ಕೇ ನಾನು ಏನು ಬೇಕಿದ್ರೂ ಅಮ್ಮ ಹೊಲಿಯುವಾಗಲೇ ಕೇಳೋದು" ಎಂದಳು ಮಗಳು. "ಏನು ಕೇಳಿದ್ರೂ ಹ್ಞೂಂ ಅಂತಾಳೆ. ಸಿನಿಮಾಕ್ಕೆ ಹೋಗ್ಲಾ ಅಂದ್ರೂ ಹ್ಞೂಂ, ಫ್ರೆಂಡ್ ಮನೇಲಿ ಉಳಿದುಕೊಳ್ಲಾ ಅಂದ್ರೂ ಹ್ಞೂಂ."

ಅತ್ತೆ ನಗಲಿಲ್ಲ. ತೋಳಿನ ಮೇಲಿನ ಚುಕ್ಕಿಗಳನ್ನೇ ನೋಡುತ್ತ ಹೇಳಿದರು. "ನಾನು ನಿಮ್ಮ ಜೊತೆ ಇರೋಕೆ ಬಂದ ಹೊಸದರಲ್ಲಿ ಮನೇಲಿ ಒಬ್ಬಳೇ ಕೂರೋಕೆ ಆಗದೆ ದಿನಾ ಅಂಗಡಿಗೆ ಬರ್ತಿದ್ದೆ, ನೆನಪಿದೆಯಾ? ನಾನು ಮಾತಾಡ್ತಾನೇ ಇದ್ದೆ. ನೀನು ಮುಖ ಎತ್ತುತ್ತಿರಲಿಲ್ಲ, ಬಾಯಿ ಬಿಡ್ತಿರಲಿಲ್ಲ. ಒಂದಿನ ನನ್ನ ತಂಗಿ ಕಥೆ ಹೇಳ್ತಾ ಹೇಳ್ತಾ ಅರ್ಧಕ್ಕೇ ನಿಲ್ಲಿಸಿ ನೋಡಿದೆ. ನೀನು ಮುಂದೇನು ಅಂತಲೂ ಕೇಳಲಿಲ್ಲ. ಸೊಸೆಗೆ ನಾನು ಬಂದದ್ದು ಭಾರ ಅಂದ್ಕೊಂಡೆ. ಮಾರನೇ ದಿನದಿಂದ ಬರೋದು ಬಿಟ್ಟೆ."

ಟೈಲರಮ್ಮನ ಕೈ ನಿಂತಿತು. ಅತ್ತೆ ಅಂಗಡಿಗೆ ಬರುವುದನ್ನು ಬಿಟ್ಟದ್ದು ಮಂಡಿನೋವಿನಿಂದ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ತುಟಿಯಿಂದ ಪೆನ್ನಿನ ಮುಚ್ಚಳ ತೆಗೆದಳು.

"ಭಾರ ಅಲ್ಲ ಅತ್ತೆ. ಬಾಯಲ್ಲಿ ಪಿನ್ನು ಇರ್ತಿತ್ತು."

"ತೆಗೆದಿಟ್ಟು ಒಂದು ಮಾತಾಡಬಹುದಿತ್ತು."

ಅವಳು ಬ್ಯಾಂಡನ್ನು ಬಿಚ್ಚಿ ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಅದನ್ನು ಅತ್ತೆಯ ತೋಳಿಗೆ ಹೊಸದಾಗಿ ಹಾಕಿ, ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ತೊಡಗಿದಳು.

"ಅಂಗಡಿ ಮುಚ್ಚಿದ ದಿನ ಆಟೋದಲ್ಲಿ ಮಷೀನನ್ನ ತಬ್ಬಿಕೊಂಡು ಕೂತಿದ್ದೆ ಅತ್ತೆ. ಬೀಳುತ್ತೆ ಅಂತ ಹಿಡ್ಕೊಂಡೆ ಅಂತ ಡ್ರೈವರಿಗೆ ಹೇಳಿದೆ. ಮನೆ ಹತ್ರ ಬಂದ್ರೂ ಇಳಿಯೋಕೆ ಆಗಲಿಲ್ಲ. ಇನ್ನೊಂದು ಸುತ್ತು ಹಾಕಪ್ಪ ಅಂದೆ. ಅವನು ಪಾಪ, ಏನೂ ಕೇಳದೆ ಆಸ್ಪತ್ರೆ ರಸ್ತೆ ಪೂರ್ತಿ ಸುತ್ತಿಸಿಕೊಂಡು ಬಂದ. ಅತ್ತು ಮುಗಿಸಿದ ಮೇಲೇ ಒಳಗೆ ಬಂದದ್ದು. ನೀವು ತಟ್ಟೆ ಹಾಕಿ ಕಾಯ್ತಾ ಇದ್ರಿ."

ಹೇಳುತ್ತಿರುವಾಗಲೇ ಕೈಗಳು ನರ ಹುಡುಕಿದವು, ಒರೆಸಿದವು, ಪೆನ್ನಿನ ಮುಚ್ಚಳ ತೆಗೆದವು, ಚುಕ್ಕಿ ಇಟ್ಟವು. ಲೋಟ ಸದ್ದು ಮಾಡಲಿಲ್ಲ. ಮಗಳು ಚಮಚವನ್ನು ಗಾಳಿಯಲ್ಲೇ ಹಿಡಿದು ಬಾಯಿ ಬಿಟ್ಟುಕೊಂಡಿದ್ದಳು.

"ಅಮ್ಮಾ, ಮುಚ್ಚಳ ನೋಡು."

ಮುಚ್ಚಳ ತಟ್ಟೆಯ ಅಂಚಿನಲ್ಲಿತ್ತು.

ಮೂವರೂ ಅದನ್ನೇ ನೋಡಿದರು. ಅತ್ತೆ ಮೊದಲು ಚೇತರಿಸಿಕೊಂಡರು. "ನೋಡಿದೆಯಾ? ಮಾತು ಇರೋ ಬಾಯಲ್ಲಿ ಬೇರೆ ಏನೂ ನಿಲ್ಲಲ್ಲ. ಮಾತಾಡ್ತಾ ಕೆಲಸ ಮಾಡು, ಅಷ್ಟೇ."

"ಅಷ್ಟೇನಾ? ಗುರುತಿಲ್ಲದವರ ಹತ್ರ ಏನು ಅಂತ ಮಾತಾಡಲಿ ಅತ್ತೆ? ಸೂಜಿ ಹಿಡಿದ್ರೆ ನನ್ನ ತಲೇಲಿ ಮಾತೇ ಹುಟ್ಟಲ್ಲ."

"ಏನಾದರೂ ಕೇಳು. ಅವರು ಹೇಳಿದ್ದರ ಮೇಲೆ ಇನ್ನೊಂದು ಕೇಳು. ಇದನ್ನೂ ಕಾಲೇಜಲ್ಲಿ ಹೇಳಿಕೊಡಬೇಕಾ?"

ಸರ್ಕಾರದ ಪಠ್ಯಕ್ರಮದಲ್ಲಿಲ್ಲದ ಆ ಪಾಠವನ್ನು ಅತ್ತೆ ವಾರವಿಡೀ ಮಾಡಿದರು. ಒಂದು ಸಂಜೆ ಮಾತೇ ಆಡದ ಸಿಡುಕು ರೋಗಿಯಾದರು, ಮತ್ತೊಂದು ಸಂಜೆ ಕಿವಿ ಕೇಳದವರಾದರು, ಇನ್ನೊಂದು ಸಂಜೆ ಸುಮ್ಮಸುಮ್ಮನೆ ಮೂರ್ಛೆ ಹೋದರು. ನಟನೆ ಸ್ವಲ್ಪ ಅತಿಯಾಯಿತೆಂದು ಮೊಮ್ಮಗಳು ದೂರಿದಳು. ಟೈಲರಮ್ಮ ಮಾತು ಮರೆತಾಗ ಲೋಟ ಠಣ್ ಎನ್ನುತ್ತಿತ್ತು. ಕೊನೆಕೊನೆಗೆ ಲೋಟಕ್ಕೆ ಬಿಡುವು ಸಿಗತೊಡಗಿತು. ಆದರೆ ಮನೆಯಲ್ಲಿ ಕೈ ಕೊಟ್ಟಿದ್ದು ಅತ್ತೆ, ಹಿಡಿದದ್ದು ಪೆನ್ನು. ನಿಜವಾದ ಸೂಜಿ ಹಿಡಿದಾಗ ಏನಾಗುತ್ತದೋ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಅದನ್ನು ಅವಳು ಯಾರ ಬಳಿಯೂ ಬಾಯಿಬಿಡಲಿಲ್ಲ.

ಪರೀಕ್ಷೆಯ ದಿನ ಲ್ಯಾಬಿನಲ್ಲಿ ಮೇಡಂ ಪಕ್ಕದಲ್ಲಿ ಸರ್ಕಾರದ ಕಡೆಯವರು ಕೂತಿದ್ದರು. ತೆಳ್ಳಗಿನ, ಕನ್ನಡಕದ ಮನುಷ್ಯ, ಪೆನ್ನನ್ನು ಬಿಚ್ಚಿಟ್ಟುಕೊಂಡೇ ಇದ್ದರು. ಚೀಟಿ ಎತ್ತಿದಾಗ ಟೈಲರಮ್ಮನ ಪಾಲಿಗೆ ಬಂದದ್ದು ಬೇಕರಿಯಣ್ಣನ ಕೈ. ಅಷ್ಟು ದೊಡ್ಡ ದೇಹದ ಅವನು ಕುರ್ಚಿಯ ತುದಿಯಲ್ಲಿ ಕೂತು ಬೆವರುತ್ತಿದ್ದ. ಇಲ್ಲಿಯವರೆಗೆ ಏನೇನೋ ನೆಪ ಹೇಳಿ ಅವನು ಯಾರಿಗೂ ತೋಳು ಕೊಟ್ಟಿರಲಿಲ್ಲ ಎಂಬುದು ಆಗ ಬಯಲಾಯಿತು.

"ಅಕ್ಕ, ಹತ್ತಂತಸ್ತಿನ ಮೇಲಿಂದ ಹಗ್ಗ ಹಿಡ್ಕೊಂಡು ಇಳೀತೀನಿ. ಸೂಜಿ ಮಾತ್ರ ಆಗಲ್ಲ" ಎಂದು ಪಿಸುಗುಟ್ಟಿದ.

"ಆಗುತ್ತೆ. ಕೈ ಚಾಚಿ" ಎಂದಳು. ತೋಳಿಗೆ ಪಟ್ಟಿ ಕಟ್ಟಿದಳು. ಅತ್ತೆ ಹೇಳಿದ್ದು ನೆನಪಾಗಿ, "ಬ್ರೆಡ್ಡಿನ ನೆತ್ತಿ ಮೇಲೆ ಸೀಳು ಹಾಕ್ತಾರಲ್ಲ, ಚಂದಕ್ಕಾ?" ಎಂದು ಕೇಳಿದಳು.

"ಚಂದಕ್ಕಲ್ಲ ಅಕ್ಕ. ಒಲೇಲಿ ಉಬ್ಬುವಾಗ ಎಲ್ಲೆಲ್ಲೋ ಒಡೆಯುತ್ತೆ. ನಾವೇ ಮೊದಲು ಸೀಳಿಟ್ಟರೆ ಅಲ್ಲೇ ಬಿಚ್ಚಿಕೊಳ್ಳುತ್ತೆ."

"ಯಾವುದರಲ್ಲಿ ಸೀಳ್ತೀರಿ?"

"ಬ್ಲೇಡಲ್ಲಿ. ಸರ್ರ್ ಅಂತ ಒಂದೇ ಎಳೆತ, ತಡವರಿಸಬಾರದು." ಇಷ್ಟು ಹೇಳುವಷ್ಟರಲ್ಲಿ ಅವನ ಕಣ್ಣು ಟ್ರೇಯಲ್ಲಿದ್ದ ಸಿರಿಂಜಿನ ಮೇಲೆ ಬಿತ್ತು. ಮಾತು ಅಲ್ಲಿಗೇ ನಿಂತಿತು. ಮುಖ ಬಿಳಿಚಿಕೊಂಡಿತು.

ಟೈಲರಮ್ಮನ ಬೆರಳಿಗೆ ನರ ಸಿಕ್ಕಿತ್ತು, ದಪ್ಪಗೆ, ಹಗ್ಗದಂತೆ. ಅದು ಸಿಕ್ಕಿದ್ದೇ ತಡ ಅವಳ ತಲೆಯಲ್ಲಿದ್ದ ಮಾತೆಲ್ಲ ಆರಿಹೋಯಿತು. ಒರೆಸಿದಳು, ಸಿರಿಂಜ್ ಎತ್ತಿದಳು, ಮುಚ್ಚಳ ಎಳೆದಳು. ಕೇಳಲು ಪ್ರಶ್ನೆ ಹುಡುಕಿದರೆ ಒಂದೂ ಸಿಗಲಿಲ್ಲ. ಎಡಗೈ ಮುಚ್ಚಳ ಹಿಡಿದು ತನ್ನ ಹಳೆಯ ದಾರಿಯಲ್ಲಿ ಮೇಲಕ್ಕೆ ಹೊರಟಿತು. ಎದೆಯವರೆಗೆ ಬಂತು, ಗದ್ದದವರೆಗೆ ಬಂತು. ಮೇಡಂ ಮುಂದಕ್ಕೆ ಬಾಗಿದ್ದು ಕಣ್ಣಂಚಿಗೆ ಕಂಡಿತು.

"ಹೋದ ವಾರ ಇದೇ ಜಾಗದಲ್ಲಿ ಈ ಮುಚ್ಚಳವನ್ನ ಬಾಯಲ್ಲಿ ಇಟ್ಕೊಂಡು ಫೇಲಾದೆ ಅಣ್ಣ" ಎಂದು ಅವಳ ಬಾಯಿಂದ ಬಂದಿತು. "ಇಟ್ಕೊಂಡು ಮೇಜಿನ ಕೆಳಗೆಲ್ಲ ಹುಡುಕ್ತಾ ಇದ್ದೆ. ಮುಚ್ಚಳ ಎಲ್ಲಿ ಅಂತ ಮೇಡಂ ಕೇಳಿದ್ರೆ ಹೇಳೋಕೆ ಬಾಯಿ ಖಾಲಿ ಇರಲಿಲ್ಲ."

ಬೇಕರಿಯಣ್ಣ ಅವಳ ಮುಖ ನೋಡಿದ. ಕ್ಯಾಂಟೀನಿನಲ್ಲಿ ಆಗಲೇ ಕೇಳಿದ್ದ ಸಂಗತಿಯೇ ಆದರೂ, ಸರ್ಕಾರದವರ ಮುಂದೆ ಅವಳೇ ಹೇಳಿಕೊಂಡದ್ದಕ್ಕೆ ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕಾಗ ಹೆಗಲು ಸಡಿಲವಾಯಿತು.

"ನಗಿ, ಕೈ ಮಾತ್ರ ಅಲ್ಲಾಡಿಸಬೇಡಿ. ಮನೇಲಿ ನಮ್ಮತ್ತೆ ತೋಳು ನೋಡಬೇಕು ನೀವು, ಪೆನ್ನಿನ ಚುಕ್ಕಿ ಇಡೋಕೆ ಇನ್ನು ಜಾಗ ಇಲ್ಲ. ಮಗಳು ಲೋಟ ಬಡಿದು ಬಡಿದು ಸೊಟ್ಟ ಮಾಡಿದ್ದಾಳೆ. ಈಗ ಒಂದು ಇರುವೆ ಕಚ್ಚಿದ ಹಾಗಾಗುತ್ತೆ. ಆಯ್ತು."

"ಏನು ಆಯ್ತು?"

"ಸಿರಿಂಜ್ ತುಂಬ್ತಾ ಇದೆ."

ಅವನು ನಂಬದೆ ಬಗ್ಗಿ ನೋಡಿದ. ತನ್ನದೇ ರಕ್ತವನ್ನು ಕಂಡು ಇನ್ನೊಮ್ಮೆ ಬಿಳಿಚಿಕೊಂಡ, ಆದರೆ ಅಷ್ಟರಲ್ಲಿ ಅವಳು ಹತ್ತಿ ಒತ್ತಿ ಕೈ ಮಡಚಿಸಿಯಾಗಿತ್ತು. ಸೂಜಿ ಅದರ ಡಬ್ಬಿ ಸೇರಿತು. ಮುಚ್ಚಳ ಟ್ರೇಯಲ್ಲಿ, ಇರಬೇಕಾದ ಕಡೆ ಇತ್ತು.

ಸರ್ಕಾರದವರು ಕನ್ನಡಕ ಸರಿಮಾಡಿಕೊಂಡರು. "ಯಾವಾಗಲೂ ಇಷ್ಟು ಮಾತಾಡ್ತೀರಾ?" ಎಂದು ಕೇಳಿದರು.

"ಇಲ್ಲ ಸರ್. ಈ ವಾರದಿಂದ."

ಅವರು ಏನೋ ಗೀಚಿ, ಪಾಸಾದಿರಿ, ಮುಂದಿನವರನ್ನು ಕರೆಯಿರಿ ಎಂದರು. ಮೇಡಂ ಕಿಟಕಿಯ ಕಡೆ ತಿರುಗಿದರು. ಅವರು ನಗುತ್ತಿದ್ದಾರೆಂದು ಟೈಲರಮ್ಮನಿಗೆ ಬೆನ್ನು ನೋಡಿಯೇ ಗೊತ್ತಾಯಿತು. ಬೆನ್ನಿನ ಅಳತೆ ತೆಗೆದು ತೆಗೆದು ಅಷ್ಟು ಅನುಭವ ಅವಳಿಗಿತ್ತು.

ರಜೆಯ ದಿನ ಬೆಳಿಗ್ಗೆ ಅವಳು ಮಷೀನಿನ ಮುಂದೆ ಕೂತಳು. ಬೇಕರಿಯಣ್ಣನ ಸಮವಸ್ತ್ರದ ಪ್ಯಾಂಟನ್ನು ಉದ್ದ ಮಾಡಿಕೊಡಬೇಕಿತ್ತು, ತೋಳು ಕೊಟ್ಟವನ ಋಣ. ಮಡಿಕೆ ಬಿಚ್ಚಿ, ಗುಂಡುಸೂಜಿಯ ಡಬ್ಬಿ ತೆರೆದಳು. ಒಂದು ಹಿಡಿ ತೆಗೆದು ತುಟಿಯ ಹತ್ತಿರ ಒಯ್ದವಳು ಅರ್ಧಕ್ಕೇ ನಿಂತಳು. ಎದ್ದು ಬಚ್ಚಲಿಗೆ ಹೋಗಿ ಅರ್ಧ ಸವೆದ ಒಣಗಿದ ಸೋಪೊಂದನ್ನು ತಂದು, ಸೂಜಿಗಳನ್ನೆಲ್ಲ ಅದಕ್ಕೆ ಚುಚ್ಚಿ ಪಕ್ಕದಲ್ಲಿಟ್ಟುಕೊಂಡಳು.

ಮಷೀನಿನ ಸದ್ದು ಕೇಳಿದ್ದೇ ಮಗಳು ಹಾಜರಾದಳು. "ಅಮ್ಮ, ಮುಂದಿನ ವಾರ ಫ್ರೆಂಡ್ಸ್ ಜೊತೆ ಊರಾಚೆ ಕೆರೆಗೆ ಹೋಗಿ ರಾತ್ರಿ ಟೆಂಟ್ ಹಾಕ್ತೀವಿ, ಹೋಗ್ಲಾ?"

"ಯಾರ್ಯಾರು? ದೊಡ್ಡವರು ಯಾರು ಬರ್ತಾರೆ? ಫೋನ್ ನಂಬರ್ ಕೊಡು, ನಾನು ಮಾತಾಡ್ತೀನಿ."

ಮಗಳು ತಾಯಿಯ ತುಟಿಯನ್ನು ನೋಡಿದಳು, ಸೋಪನ್ನು ನೋಡಿದಳು. "ಅಜ್ಜಿ, ಎಲ್ಲ ನಿಮ್ಮಿಂದಲೇ ಆಗಿದ್ದು" ಎಂದು ಗೊಣಗುತ್ತ ಹೊರಗೆ ಹೋದಳು. ಅತ್ತೆ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಬಿಸಿಲಿಗೆ ತೋಳು ಒಡ್ಡಿದ್ದರು. ನೀಲಿ ಚುಕ್ಕಿಗಳು ಇನ್ನೂ ಪೂರ್ತಿ ಮಾಸಿರಲಿಲ್ಲ.

ಟೈಲರಮ್ಮ ಸೋಪಿನಿಂದ ಒಂದು ಸೂಜಿ ಕಿತ್ತು ಬಟ್ಟೆಗೆ ಚುಚ್ಚಿದಳು. ತಲೆ ಎತ್ತದೆಯೇ ಹೇಳಿದಳು. "ಅತ್ತೆ, ನಿಮ್ಮ ತಂಗಿ ಹೆಣ್ಣು ನೋಡೋಕೆ ಬಂದವರನ್ನೆಲ್ಲ ಹಾಲ್‌ನಲ್ಲೇ ಬಿಟ್ಟು ಹಿಂಬಾಗಿಲಿಂದ ಹೊರಟುಬಿಟ್ಟರು. ದಾರೀಲಿ ಒಂದು ಚಪ್ಪಲಿ ಕಿತ್ತುಹೋಯ್ತು. ಒಂದೇ ಚಪ್ಪಲೀಲಿ ಸ್ಟೇಷನ್ ತನಕ ನಡೆದರು, ರೈಲು ಆಗಲೇ ಬಂದು ನಿಂತಿತ್ತು. ಅಲ್ಲಿಗೆ ನಿಲ್ಲಿಸಿದ್ರಿ. ಆಮೇಲೆ ಏನಾಯ್ತು?"

ಬಾಗಿಲ ಕಡೆಯಿಂದ ಕುರ್ಚಿಯನ್ನು ನೆಲದ ಮೇಲೆ ಎಳೆಯುವ ಸದ್ದಾಯಿತು. ಅದು ನಡುವೆ ಒಮ್ಮೆ ನಿಂತು, ಮತ್ತೆ ಹೊರಟು, ಮಷೀನಿನ ಪಕ್ಕಕ್ಕೆ ಬಂದು ನಿಂತಿತು. ಅತ್ತೆ ಕೂತು, ಸೋಪನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡು, ಒಂದು ಸೂಜಿಯನ್ನು ಕಿತ್ತು ಸೊಸೆಯ ಕೈಗೆ ಕೊಟ್ಟರು.